ಬಾಯಿ ನೋಡಿ ಕೇಳುವ ಮೇಷ್ಟ್ರು

ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡರು. ಅವರ ತಿಥಿಯ ದಿನ ದೊಡ್ಡಬಳ್ಳಾಪುರದಲ್ಲಿ ಅವರ ಬೀದಿಯ ಮಗ್ಗಗಳನ್ನೆಲ್ಲ ಮಧ್ಯಾಹ್ನದವರೆಗೆ ನಿಲ್ಲಿಸಿದ್ದರು. ಹಗಲೂ ರಾತ್ರಿ ಪವರ್‌ಲೂಮ್ ಓಡುವ ಬೀದಿಯಲ್ಲಿ ಸತ್ತವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಆದರೆ ಮಗ್ಗ ನಿಂತಿದೆ ಎಂಬುದು ಆ ಬೀದಿಯ ಜನರ ತಲೆಗೆ ಗೊತ್ತಿತ್ತೇ ಹೊರತು ಗಂಟಲಿಗೆ ಗೊತ್ತಿರಲಿಲ್ಲ. ಶಾಮಿಯಾನದ ಕೆಳಗೆ ಊಟಕ್ಕೆ ಕೂತವರು ಎಂದಿನ ಹಾಗೇ ಮಾತಾಡಿದರು. ಯಾರ ಮನೆ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಅಡುಗೆಯವನು ಯಾರ ಕಡೆಯವನು, ಸಾರಿಗೆ ಉಪ್ಪು ಯಾಕೆ ಕಮ್ಮಿ, ಎಲ್ಲ ಆ ತುದಿಯಿಂದ ಈ ತುದಿಯವರೆಗೆ ಕೇಳಿಸಿತು. ಅಡುಗೆಯವನಿಗೂ ಕೇಳಿಸಿತು, ಮುಖ ಸಣ್ಣದು ಮಾಡಿಕೊಂಡು ಉಪ್ಪಿನ ಡಬ್ಬಿ ಹಿಡಿದು ಬಂದ. ಸಾವಿನ ಮನೆಯಲ್ಲಿ ನಗಬಾರದು ಎಂದು ತಿಳಿದೂ ನಾನು ನಕ್ಕೆ. ಮೇಷ್ಟ್ರು ಪಕ್ಕದಲ್ಲಿದ್ದಿದ್ದರೆ ಅವರೂ ನಗುತ್ತಿದ್ದರು, ಮತ್ತು ಅದು ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು.

ನಾನು ಕಾಮರ್ಸ್ ಪಾಠ ಮಾಡುವವನು. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಬಂದು ಕೈ ಕುಲುಕಿ, ನಾನು ಮಾತಾಡಿದಷ್ಟು ಹೊತ್ತೂ ನನ್ನ ಬಾಯಿಯನ್ನೇ ನೋಡಿದರು. ಕಣ್ಣು ಮಿಟುಕಿಸಲಿಲ್ಲ. ಬೆಳಿಗ್ಗೆ ತಿಂದ ಉಪ್ಪಿಟ್ಟಿನ ಕೊತ್ತಂಬರಿ ಸೊಪ್ಪು ಹಲ್ಲಿನಲ್ಲಿ ಉಳಿದಿರಬೇಕು ಎಂದುಕೊಂಡು ನಾನು ಬಾತ್‌ರೂಮಿಗೆ ಹೋಗಿ ಕನ್ನಡಿಯಲ್ಲಿ ಹಲ್ಲು ಕಿರಿದು ನೋಡಿಕೊಂಡೆ. ಅಲ್ಲಿ ಇನ್ನೊಬ್ಬ ಹೊಸ ಲೆಕ್ಚರರೂ ಅದನ್ನೇ ಮಾಡುತ್ತ ನಿಂತಿದ್ದ. ಲೈಬ್ರರಿ ಮೇಡಂ ಹೊಸದಾಗಿ ಬಂದಾಗ ವಾರವಿಡೀ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದರಂತೆ. ಪಾಪ, ಮೇಷ್ಟ್ರು ಆ ವಾರವೆಲ್ಲ ಬೇಕಾದ ಪುಸ್ತಕ ಸಿಗದೆ ಒದ್ದಾಡಿದರು. ಆಕೆ ಏನು ಹೇಳುತ್ತಿದ್ದಾರೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಕೊನೆಗೆ ವಿಷಯ ಬಿಡಿಸಿ ಹೇಳಿದವನು ಅಟೆಂಡರ್ ಮುನಿಯಪ್ಪ. "ಅವ್ರು ಮಗ್ಗದ ಮನೆಯೋರು ಸಾ. ಮಗ್ಗದ ಮನೆಯೋರು ಕಿವೀಲಿ ಕೇಳಲ್ಲ, ಕಣ್ಣಲ್ಲಿ ಕೇಳ್ತಾರೆ."

ಮೇಷ್ಟ್ರದು ಮೂಲದಲ್ಲಿ ದೊಡ್ಡಬೆಳವಂಗಲದ ಕಡೆಯ ಒಕ್ಕಲು ಮನೆತನ. ಅವರಪ್ಪ ಹೊಲವನ್ನು ತಮ್ಮನಿಗೆ ಬಿಟ್ಟು ಪೇಟೆಗೆ ಬಂದು ಮನೆಯ ಹಿಂದೆ ಶೆಡ್ ಹಾಕಿ ನಾಲ್ಕು ಮಗ್ಗ ಇಟ್ಟರು. ಮೇಷ್ಟ್ರ ತೊಟ್ಟಿಲನ್ನು ಕಟ್ಟಿದ್ದು ಆ ಶೆಡ್ಡಿನ ತೊಲೆಗೇ. ಮಗ್ಗ ಓಡುವಾಗ ಒಳಗೆ ಯಾರೂ ಕೂಗುವುದಿಲ್ಲ, ಕೂಗಿ ಪ್ರಯೋಜನವಿಲ್ಲ. ದನಿ ಇಲ್ಲದೆ ಬಾಯಿ ಆಡಿಸುತ್ತಾರೆ, ಎದುರಿಗಿರುವವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅವರ ತಾಯಿ ಶೆಡ್ಡಿನ ಆ ತುದಿಯಿಂದ ಒಂದು ಅಕ್ಷರ ಸದ್ದಿಲ್ಲದೆ ಮಗನಿಗೆ ಮೈ ಸುಡುವ ಹಾಗೆ ಬೈಯುತ್ತಿದ್ದರಂತೆ. ಹೀಗೆ ವರ್ಷಾನುಗಟ್ಟಲೆ ಇದ್ದರೆ ಕಿವಿ ಸ್ವಲ್ಪ ಮಂದವಾಗುತ್ತದೆ. ಹೊರಗೆ ಬಂದಾಗ ತಮ್ಮ ದನಿ ಎಷ್ಟು ದೊಡ್ಡದು ಎಂಬ ಅಂದಾಜು ಇರುವುದಿಲ್ಲ. ಹಾಗಾಗಿ ಆ ಜನ ಶೆಡ್ಡಿನ ಒಳಗೆ ಮೌನಿಗಳು, ಹೊರಗೆ ಗುಡುಗು.

ಮೇಷ್ಟ್ರ ಪಾಠ ಕೇಳುವುದಕ್ಕೆ ಕಾಲೇಜಿಗೆ ಸೇರಬೇಕಾಗಿರಲಿಲ್ಲ. ದಾಬಸ್‌ಪೇಟೆ ರಸ್ತೆಯ ಟೀ ಅಂಗಡಿಯಲ್ಲಿ ಕೂತರೆ ಸಾಕಿತ್ತು. ಆ ಅಂಗಡಿಯವನು ಏಳನೇ ಕ್ಲಾಸು ದಾಟದವನು, ಲಾರಿ ಡ್ರೈವರುಗಳಿಗೆ ಟೀ ಕೊಡುತ್ತ "ಇವತ್ತು ಪ್ರಿಪೊಸಿಷನ್ ಮುಗೀತು, ನಾಳೆಯಿಂದ ಪದ್ಯ" ಎಂದು ಹೇಳುತ್ತಿದ್ದ. ಗುಟ್ಟಿನ ವಿಷಯದಲ್ಲಂತೂ ಮೇಷ್ಟ್ರನ್ನು ನಂಬಿದವನು ಕೆಟ್ಟ. ಅವರು "ಇದು ನಿನ್ನಲ್ಲೇ ಇರ್ಲಿ ಗುರು" ಎಂದರೆ ಸಾಕು, ಇಡೀ ಮಹಡಿ ಮಾತು ನಿಲ್ಲಿಸಿ ಕಿವಿಗೊಡುತ್ತಿತ್ತು. ನೆಲಮಂಗಲದ ಕಡೆಯ ಒಂದು ಹೆಣ್ಣಿನ ಮನೆಯವರು ನನ್ನನ್ನು ಬೇಡ ಎಂದದ್ದನ್ನು ನಾನು ಅವರೊಬ್ಬರಿಗೇ ಹೇಳಿದ್ದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಗುಟ್ಟಾಗಿ ಸಮಾಧಾನ ಹೇಳಿದರು. ಮಧ್ಯಾಹ್ನ ಕ್ಯಾಂಟೀನಿನವನು ನನ್ನ ತಟ್ಟೆಗೆ ಕೇಳದೆಯೇ ಎರಡು ವಡೆ ಹೆಚ್ಚಿಗೆ ಹಾಕಿದ.

ಆಮೇಲೆ ಅವರೇ ನನಗೆ ಬಾಯಿ ಓದುವುದನ್ನು ಕಲಿಸಿದರು. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಗಂಟೆಗಟ್ಟಲೆ ಮಾತಾಡುವಾಗ ನಾವಿಬ್ಬರೂ ಎದುರುಬದುರು ಕೂತು ಸದ್ದಿಲ್ಲದೆ ಊರ ಹರಟೆ ಹೊಡೆಯುತ್ತಿದ್ದೆವು. ಪ್ರಿನ್ಸಿಪಾಲರು ಅದನ್ನು ಜಪ ಎಂದು ತಿಳಿದಿದ್ದರು.

ಇಂಗ್ಲಿಷಿನ ಬಗ್ಗೆ ಅವರಿಗೆ ಭಕ್ತಿ ಇರಲಿಲ್ಲ, ಪ್ರೀತಿ ಇತ್ತು. ಹಳ್ಳಿಯ ಮಕ್ಕಳು ಹೆದರಿ ಕೂತರೆ, "ಇಂಗ್ಲಿಷ್ ಏನು ದೇವ್ರಲ್ಲ ಕಣಪ್ಪಾ, ಬಸ್ಸು. ಹತ್ಕೋಬೇಕು, ನಮ್ಮ ಸ್ಟಾಪ್ ಬಂದಾಗ ಇಳ್ಕೋಬೇಕು. ಬಸ್ಸಿಗೆ ಯಾರಾದ್ರೂ ಕೈ ಮುಗೀತಾರಾ?" ಎನ್ನುತ್ತಿದ್ದರು.

ಇಂಥವರೇ ನಮ್ಮ ಕಾಲೇಜಿನ ಅಡ್ಮಿಷನ್ನಿಗೆ ಇಂಗ್ಲಿಷ್ ಟೆಸ್ಟ್ ಬೇಕು ಎಂದು ಪಟ್ಟು ಹಿಡಿದವರು. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದು, ದಾಬಸ್‌ಪೇಟೆಯಲ್ಲಿ ಕಂಪನಿಗಳು ಹೆಚ್ಚಾದ ಮೇಲೆ ನಮ್ಮ ಬಿ.ಕಾಂ ಸೀಟಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇಡಿಕೆಯ ಹಿಂದೆಯೇ ಫೋನು ಬಂತು. ಮುಖಂಡರ ಭಾವಮೈದ, ಮುಖಂಡರ ಡ್ರೈವರು, ಕೊನೆಗೆ ಮುಖಂಡರ ಮನೆಗೆ ಹಾಲು ಹಾಕುವವನೂ ಫೋನ್ ಮಾಡಿ ಸೀಟು ಕೇಳತೊಡಗಿದರು. ಪ್ರಿನ್ಸಿಪಾಲರು ಫೋನ್ ಕಂಡರೆ ಬೆವರುವ ಸ್ಥಿತಿಗೆ ಬಂದರು. ಆಗ ಮೇಷ್ಟ್ರೇ ದಾರಿ ತೋರಿಸಿದ್ದು: "ಪೇಪರ್‌ಗೆ ಮಾವ ಇಲ್ಲ, ಭಾವ ಇಲ್ಲ ಸಾರ್. ಟೆಸ್ಟ್ ಇಡಿ. ಬರ್ದೋರು ಬರ್ಲಿ." ಮೊದಮೊದಲು ಪ್ರಶ್ನೆಪತ್ರಿಕೆಯನ್ನೂ ಅವರೇ ಮಾಡಿದರು. ಫೋನುಗಳು ನಿಂತವು.

ಆಮೇಲೆ ನಮ್ಮ ಆಡಳಿತ ಮಂಡಳಿಗೆ ಅಂತಸ್ತಿನ ಚಿಂತೆ ಹತ್ತಿತು. ಬೆಂಗಳೂರಿನ ಯಾವುದೋ ಸಂಸ್ಥೆಯಿಂದ ಸಿದ್ಧಪಡಿಸಿದ ಟೆಸ್ಟನ್ನು ತಂದರು. ಅದರಲ್ಲಿ ಓದುವುದು, ಬರೆಯುವುದು, ಕೇಳುವುದು ಎಂದು ಮೂರು ಭಾಗ. ಮೂರರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಓದುವುದಕ್ಕೆ ಕೊಟ್ಟ ಪಾಠ ಹಿಮದ ಬೆಟ್ಟದ ಮೇಲೆ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವವರ ಬಗ್ಗೆ. ಜಡಿಗೇನಹಳ್ಳಿಯ ಒಬ್ಬ ಹುಡುಗ ಕೈ ಎತ್ತಿ ನನ್ನನ್ನು ಕರೆದು, "ಸಾ, ಇವ್ರು ಮನೆ ಕೆಲ್ಸ ಮುಗ್ಸಿ ಹೋಗವ್ರಾ, ಹಂಗೇ ಬಿಟ್ಟು ಹೋಗವ್ರಾ?" ಎಂದು ಕೇಳಿದ. ಪಾಠದಲ್ಲಿ ಆ ವಿಷಯ ಇರಲಿಲ್ಲ. ಆದರೂ ಹುಡುಗರು ಹೇಗೋ ಜಾರಿಕೊಂಡು ದಡ ಸೇರಿದರು.

ಅನಾಹುತವಾದದ್ದು ಕೇಳುವ ಭಾಗದಲ್ಲಿ. ಪರೀಕ್ಷೆಯ ಕೋಣೆಯ ಗೋಡೆಯ ಮೇಲೊಂದು ಸ್ಪೀಕರ್ ಪೆಟ್ಟಿಗೆ. ಅದರಲ್ಲಿ ಯಾವುದೋ ದೇಶದ ಗಂಡಸೂ ಹೆಂಗಸೂ ಕಾಫಿ ಕುಡಿಯುತ್ತ ವಸ್ತುಸಂಗ್ರಹಾಲಯಕ್ಕೆ ದಾರಿ ಮಾತಾಡಿಕೊಳ್ಳುತ್ತಾರೆ, ಒಂದೇ ಸಲ. ಬಟನ್ ಒತ್ತುವ ಕೆಲಸ ಮುನಿಯಪ್ಪನದು. ಅವನು ಒತ್ತಿ, ಯಾರಾದರೂ ಪೆಟ್ಟಿಗೆ ಕದ್ದಾರು ಎಂಬಂತೆ ಅದರ ಕೆಳಗೇ ಕಾವಲು ನಿಂತ. ಬಾಯಲ್ಲಿ ಎಲೆ ಅಡಿಕೆ. ಮಗ್ಗದ ಬೀದಿಗಳ ಮಕ್ಕಳು ಮೊದಲು ಪೆಟ್ಟಿಗೆಯನ್ನು ನೋಡಿದರು. ಪೆಟ್ಟಿಗೆಗೆ ಬಾಯಿಲ್ಲ. ಅವರ ಕಣ್ಣು ತಾನಾಗಿ ಕೆಳಗಿಳಿದು, ಆ ದಿಕ್ಕಿನಲ್ಲಿ ಆಡುತ್ತಿದ್ದ ಒಂದೇ ಒಂದು ಬಾಯಿಯ ಮೇಲೆ, ಅಂದರೆ ಮುನಿಯಪ್ಪನ ಬಾಯಿಯ ಮೇಲೆ ನಿಂತಿತು. ಅಷ್ಟು ಜನ ಒಟ್ಟಿಗೆ ತನ್ನನ್ನು ದಿಟ್ಟಿಸುವುದನ್ನು ಕಂಡು ಮುನಿಯಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡು ಇನ್ನೂ ಜೋರಾಗಿ ಅಗಿದ. ಮಗ್ಗದ ಮನೆಯ ಮಕ್ಕಳು ಹೆಚ್ಚೂಕಡಿಮೆ ಎಲ್ಲರೂ ಆ ಭಾಗದಲ್ಲಿ ಫೇಲಾದರು.

ಅವರಲ್ಲಿ ಭವ್ಯ ಎಂಬ ಹುಡುಗಿ ಒಬ್ಬಳು. ತಾಯಿ ಯಾರದೋ ಶೆಡ್ಡಿನಲ್ಲಿ ಮಗ್ಗ ಓಡಿಸುವವರು. ಓದುವುದು, ಬರೆಯುವುದು ಎರಡರಲ್ಲೂ ಆ ವರ್ಷ ಎಲ್ಲರಿಗಿಂತ ಮುಂದೆ ಇದ್ದವಳು ಅವಳೇ. ಕೇಳುವುದರಲ್ಲಿ ಮಾತ್ರ ನೆಲಕಚ್ಚಿದ್ದಳು. ತಾಯಿ ಮಗಳು ಇಬ್ಬರೂ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಮೇಷ್ಟ್ರು ಕೇಳಿದರು, "ಏನಾಯ್ತಮ್ಮಾ?"

"ಆ ಅಣ್ಣ ಏನೋ ಅಗೀತಾ ಇದ್ರು ಸಾರ್," ಎಂದಳು ಹುಡುಗಿ, ಮೇಷ್ಟ್ರ ಬಾಯಿಯನ್ನೇ ನೋಡುತ್ತ. "ಡಬ್ಬದಲ್ಲಿ ಒಂದು ಬರ್ತಿತ್ತು, ಅವ್ರ ಬಾಯಲ್ಲಿ ಇನ್ನೊಂದು ಬರ್ತಿತ್ತು. ತಲೆ ಕೆಟ್ಟೋಯ್ತು."

ನಾನು ಜೋರಾಗಿ ನಕ್ಕುಬಿಟ್ಟೆ. ಮೇಷ್ಟ್ರು ನಗಲಿಲ್ಲ. ತಾಯಿ ಹೇಳಿದರು: "ಇವ್ಳ ಸೋದರಮಾವ ದಾಬಸ್‌ಪೇಟೆ ಗೋಡೌನ್ನಾಗೆ ಪ್ಯಾಕಿಂಗ್ ಕೆಲ್ಸ ನೋಡವ್ನೆ ಸಾ. ಸೀಟ್ ಇಲ್ಲ ಅಂದ್ರೆ ಸೋಮವಾರದಿಂದ ಅಲ್ಲಿಗೆ. ಆಮೇಲೆ ಓದು ಅಂದ್ರೆ ಯಾರೂ ಬಿಡಲ್ಲ. ಬರ್ದಿದ್ದು ಚೆನ್ನಾಗೈತೆ ಅಂತೀರ, ಕೇಳಿಸ್ಕೊಳ್ಳಾಕೆ ಬರಲ್ಲ ಅಂತೀರ. ನಮ್ಮ ಮನೇಲಿ ಯಾರಿಗ್ ಸಾ ಕೇಳಿಸ್ತೈತೆ?"

ಮೇಷ್ಟ್ರು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಹೋಗದಿದ್ದರೂ ಕೇಳಿಸುತ್ತಿತ್ತು ಅನ್ನಿ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇತ್ತು. "ಸಾರ್, ಟೆಸ್ಟ್ ಎಲ್ಲರಿಗೂ ಒಂದೇ. ಇದಕ್ಕಿಂತ ನ್ಯಾಯ ಇನ್ನೇನಿದೆ?" ಎಂದರು.

"ನರಿ ಕೊಕ್ಕರೇನ ಊಟಕ್ಕೆ ಕರೆದು ತಟ್ಟೇಲಿ ಪಾಯಸ ಹಾಕ್ತಲ್ಲ ಸಾರ್, ಅಲ್ಲೂ ತಟ್ಟೆ ಇಬ್ರಿಗೂ ಒಂದೇ ಥರದ್ದೇ. ಆ ಹುಡುಗೀಗೆ ಇಂಗ್ಲಿಷ್ ಬರುತ್ತೆ. ಪೆಟ್ಟಿಗೆ ಜೊತೆ ಮಾತಾಡೋದು ಬರಲ್ಲ."

"ಇವತ್ತು ಮಗ್ಗದ ಮನೆ ಅಂತ ಬಿಟ್ಟರೆ, ನಾಳೆ ಇನ್ನೊಬ್ಬರು ನಮ್ಮದು ಕಲ್ಲು ಕ್ರಷರ್ ಪಕ್ಕದ ಮನೆ ಅಂತಾರೆ. ನಾಡಿದ್ದು ಫೋನ್ ಶುರುವಾಗುತ್ತೆ. ಪೇಪರ್‌ಗೆ ಮಾವ ಇಲ್ಲ, ಭಾವ ಇಲ್ಲ ಅಂದವರು ನೀವೇ ತಾನೇ?"

ಮೇಷ್ಟ್ರು ತಾವೇ ತೋಡಿದ ಬಾವಿ, ನೀರು ಕಹಿ ಎಂದರೆ ಯಾರಿಗೆ ಹೇಳುವುದು. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಹೇಳಿದರು, "ಆಯ್ತು ಸಾರ್. ಕೇಳೋ ಭಾಗ ನಾನೂ ಬರೀತೀನಿ. ನನ್ನ ಮಾರ್ಕ್ಸ್ ನೋಡಿ, ಆಮೇಲೆ ಮಾತಾಡೋಣ." ಪ್ರಿನ್ಸಿಪಾಲರಿಗೆ ಖುಷಿಯಾಯಿತು. ಇಂಗ್ಲಿಷ್ ಮೇಷ್ಟ್ರು ಹತ್ತಕ್ಕೆ ಹತ್ತು ತೆಗೆದರೆ ಟೆಸ್ಟಿನ ಮೇಲೆ ಇನ್ನು ಯಾರೂ ತುಟಿ ಬಿಚ್ಚುವಂತಿಲ್ಲ.

ಶನಿವಾರ ಪ್ರಿನ್ಸಿಪಾಲರ ಕೋಣೆಯಲ್ಲೇ ಪರೀಕ್ಷೆ. ಮೇಷ್ಟ್ರ ಜೊತೆಗಿರಲಿ ಎಂದು ನನ್ನನ್ನೂ ಕೂರಿಸಿದರು. ಮುನಿಯಪ್ಪ ಬಟನ್ ಒತ್ತಿ, ಹಿಂದಿನ ಅಪವಾದ ನೆನಪಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತ. ಆ ಗಂಡಸೂ ಹೆಂಗಸೂ ಕಾಫಿ ಕುಡಿಯತೊಡಗಿದರು. ಮೇಷ್ಟ್ರ ಕಣ್ಣು ಪೆಟ್ಟಿಗೆಗೆ ಹೋಯಿತು, ಅಲ್ಲಿಂದ ಮುನಿಯಪ್ಪನ ಬೆನ್ನಿಗೆ, ಅಲ್ಲಿಂದ ಪ್ರಿನ್ಸಿಪಾಲರಿಗೆ, ಕೊನೆಗೆ ನನಗೆ. ಎಲ್ಲಿಯೂ ಬಾಯಿ ಸಿಗಲಿಲ್ಲ. ನಾನು ಹೆದರಿ ತುಟಿ ಬಿಗಿಹಿಡಿದು ಕೂತಿದ್ದೆ. ತರಗತಿಯಲ್ಲಿ ಸಿಂಹದ ಹಾಗಿದ್ದ ಮನುಷ್ಯ ಪೆನ್ನು ಹಿಡಿದು ಬೆಪ್ಪಾಗಿ ಕೂತಿದ್ದರು, ಹಣೆಯ ಮೇಲೆ ಬೆವರು. ಭವ್ಯಳ ಮಾತಿಗೆ ನಕ್ಕವನು ನಾನು. ಈಗ ನಗು ಬರಲಿಲ್ಲ.

ನನಗೆ ಹತ್ತಕ್ಕೆ ಎಂಟು ಬಂತು. ಅದರ ಪುಣ್ಯವೆಲ್ಲ ಕ್ರಿಕೆಟ್ ಕಾಮೆಂಟರಿಗೆ ಸೇರಬೇಕು. ಮೇಷ್ಟ್ರಿಗೆ ಮೂರು.

ಪ್ರಿನ್ಸಿಪಾಲರು ಎದ್ದು ಹೋಗಿ ಬಾಗಿಲು ಭದ್ರವಾಗಿ ಹಾಕಿ, ಚಿಲಕವನ್ನೂ ಹಾಕಿದರು. ಹೊರಗೆ ವರಾಂಡದ ತುಂಬ ಸೀಟಿಗಾಗಿ ಬಂದ ತಂದೆತಾಯಂದಿರು. ಭವ್ಯಳ ತಾಯಿಯೂ ಆ ತುದಿಯ ಬೆಂಚಿನ ಮೇಲೆ ಕೂತಿದ್ದರು. "ಸಾರ್," ಎಂದರು ಪ್ರಿನ್ಸಿಪಾಲರು, ದನಿಯನ್ನು ಪಾತಾಳಕ್ಕೆ ಇಳಿಸಿ, "ಆದದ್ದು ಆಯಿತು. ಇದು ನಮ್ಮ ನಮ್ಮಲ್ಲೇ ಇರಲಿ. ಹೊರಗೆ ಗೊತ್ತಾದರೆ ಕಾಲೇಜಿನ ಮಾನ ಹೋಗುತ್ತೆ. ನಿಮ್ಮ ಕೆಲಸಕ್ಕೂ ಕುತ್ತು ಬರಬಹುದು."

ಮೇಷ್ಟ್ರು ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಮೇಜಿನ ಮೇಲೆ ಬಗ್ಗಿ, ಪ್ರಿನ್ಸಿಪಾಲರ ಕಿವಿಯ ಹತ್ತಿರ ಬಾಯಿ ತಂದು, ತಮ್ಮ ಮಾಮೂಲಿ ಗುಟ್ಟಿನ ದನಿಯಲ್ಲಿ ಹೇಳಿದರು: "ನಾನು ಫೇಲ್ ಸಾರ್. ಇಷ್ಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡ್ತಿದೀನಿ, ಹತ್ತಕ್ಕೆ ಮೂರು. ಈ ಟೆಸ್ಟ್ ಪ್ರಕಾರ ಈ ಕಾಲೇಜಲ್ಲಿ ನನಗೇ ಸೀಟ್ ಇಲ್ಲ ಸಾರ್."

ವರಾಂಡದ ಗಲಾಟೆ ಒಮ್ಮೆಗೇ ನಿಂತಿತು. ಪ್ರಿನ್ಸಿಪಾಲರು ಒಂದು ಕೈಯಲ್ಲಿ ಕಿವಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೇಷ್ಟ್ರ ಬಾಯಿ ಮುಚ್ಚಲು ಹೋದರು. ಹೊರಗಿನಿಂದ ಯಾರೋ ಹಿರಿಯರು ನಿಧಾನವಾಗಿ ಹೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು: "ಮೇಷ್ಟ್ರೇ ಫೇಲಾದ್ಮೇಲೆ ನಮ್ ಹೈಕ್ಳುದೇನ್ ತಪ್ಪಪ್ಪಾ?" ಭವ್ಯಳ ತಾಯಿ ಬಂದು ಬಾಗಿಲು ಬಡಿದರು. ಅವರ ಹಿಂದೆ ಉಳಿದವರೂ ಬಂದರು. ಚಿಲಕ ಹಾಕಿಕೊಂಡು ಎಷ್ಟು ಹೊತ್ತು ಕೂರುವುದಕ್ಕಾಗುತ್ತದೆ.

ಭಾನುವಾರವೇ ಆಡಳಿತ ಮಂಡಳಿಯ ಸಭೆ ಸೇರಿತು. ಮೇಷ್ಟ್ರನ್ನು ಮನೆಗೆ ಕಳಿಸುತ್ತಾರೆ ಎಂದು ಸುದ್ದಿ. ನಾನು ಹುಡುಕಿಕೊಂಡು ಹೋಗಿ ಕೇಳಿದರೆ, "ಕಳಿಸಿದ್ರೆ ಕಳಿಸ್ಲಿ ಬಿಡಪ್ಪಾ, ಮನೇಲಿ ನಾಲ್ಕು ಮಗ್ಗ ಐತೆ" ಎಂದರು. ಆದರೆ ಅವರ ದನಿ ಎಂದಿನಷ್ಟು ದೊಡ್ಡದಾಗಿರಲಿಲ್ಲ. ಸಭೆಯಲ್ಲಿ ಆದದ್ದನ್ನು ಪ್ರಿನ್ಸಿಪಾಲರೇ ಆಮೇಲೆ ನನಗೆ ಹೇಳಿದರು. ಅವರು ಎದ್ದು ನಿಂತು, ಕೇಳಿಸಿಕೊಳ್ಳಲು ಬಾರದವರು ಇಂಗ್ಲಿಷ್ ಕಲಿಸುವುದು ಹೇಗೆ ಎಂದು ವಿವರಿಸಿದರಂತೆ. ಅಧ್ಯಕ್ಷರು ರೇಷ್ಮೆ ಸೀರೆ ವ್ಯಾಪಾರದವರು, ಗಮನವಿಟ್ಟು ಕೇಳುತ್ತಿದ್ದರು. ಮಾತಿನ ನಡುವೆ ಪ್ರಿನ್ಸಿಪಾಲರಿಗೆ ಏನೋ ಮುಜುಗರವಾಗತೊಡಗಿತು. ಹಲ್ಲಿನಲ್ಲಿ ಏನಾದರೂ ಸಿಕ್ಕಿದೆಯೇ ಎಂದು ನಾಲಗೆಯಿಂದ ತಡವಿಕೊಂಡರು. ಅಷ್ಟರಲ್ಲಿ ಅವರಿಗೆ ಹೊಳೆಯಿತು: ಅಧ್ಯಕ್ಷರೂ ತಮ್ಮ ಬಾಯಿಯನ್ನೇ ನೋಡುತ್ತಿದ್ದಾರೆ. ಅವರೂ ಮಗ್ಗದ ಮನೆಯಲ್ಲಿ ಹುಟ್ಟಿದವರೇ. ಪ್ರಿನ್ಸಿಪಾಲರು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಕೂತುಬಿಟ್ಟರಂತೆ.

ತೀರ್ಮಾನವಾಯಿತು. ಟೆಸ್ಟ್ ಇರುತ್ತದೆ; ಇಲ್ಲದಿದ್ದರೆ ಫೋನು ಮತ್ತೆ ಬರುತ್ತದೆ. ಆದರೆ ಕೇಳುವ ಭಾಗವನ್ನು ಪೆಟ್ಟಿಗೆಯ ಬದಲು ಮನುಷ್ಯರು ಎದುರಿಗೆ ನಿಂತು ಓದಬೇಕು. ಫೇಲಾದವರಿಗೆಲ್ಲ ಸೋಮವಾರ ಬೆಳಿಗ್ಗೆಯೇ ಇನ್ನೊಂದು ಅವಕಾಶ. ಮುನಿಯಪ್ಪನನ್ನು ಗೇಟಿಗೆ ಕಳಿಸಿದರು. ಹೊಸ ಪಾಠವನ್ನು ಓದಿದವರು ಮೇಷ್ಟ್ರು. ಭವ್ಯ ಮುಂದಿನ ಬೆಂಚಿನಲ್ಲಿ ಕೂತು ಅವರ ತುಟಿಯಿಂದ ಕಣ್ಣು ತೆಗೆಯಲಿಲ್ಲ, ಪಾಸಾದಳು. ಗೋಡೌನಿನ ಕೆಲಸಕ್ಕೆ ಸೋದರಮಾವ ತನ್ನ ಮಗನನ್ನೇ ಕಳಿಸಬೇಕಾಗಿ ಬಂತು. ಆ ಹುಡುಗ ಇವತ್ತಿಗೂ ಇಂಗ್ಲಿಷ್ ಮೇಷ್ಟ್ರ ಹೆಸರು ಹೇಳಿದರೆ ಹಲ್ಲು ಕಡಿಯುತ್ತಾನಂತೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಮುಂದಿನ ವರ್ಷ ಯಲಹಂಕದ ಕಡೆಯ ದೊಡ್ಡ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ ಅದೇ ಭಾಗದಲ್ಲಿ ಫೇಲಾದಳು. ಅವಳಿಗೆ ಮೇಷ್ಟ್ರ ದೊಡ್ಡಬಳ್ಳಾಪುರದ ಇಂಗ್ಲಿಷ್ ಒಂದು ಅಕ್ಷರವೂ ತಲೆಗೆ ಹತ್ತಿರಲಿಲ್ಲ. ಅವಳ ತಂದೆ ಬಂದು ಇದು ಅನ್ಯಾಯ ಎಂದು ಇಂಗ್ಲಿಷಿನಲ್ಲಿ ಕೂಗಾಡಿದರು. ಮೇಷ್ಟ್ರು ಬಹಳ ಗೌರವದಿಂದ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದು, ಅವರು ಹೋದ ಮೇಲೆ, "ಆಯಪ್ಪ ಹೇಳಿದ್ದು ಸರಿ ಕಣ್ರೀ" ಎಂದರು. ಲೈಬ್ರರಿ ಮೇಡಂ ಕೈಲಿ ಇನ್ನೊಮ್ಮೆ ಓದಿಸಿದರು, ಹುಡುಗಿ ಪಾಸಾದಳು. ಪ್ರಿನ್ಸಿಪಾಲರು ತಲೆ ಮೇಲೆ ಕೈ ಹೊತ್ತು, "ಇದಕ್ಕೆ ಕೊನೆ ಎಲ್ಲಿ ಸಾರ್?" ಎಂದರು.

"ಕೊನೆ ಇಲ್ಲ ಸಾರ್," ಎಂದರು ಮೇಷ್ಟ್ರು. "ಮಕ್ಕಳು ಬರ್ತಾನೇ ಇರ್ತಾರಲ್ಲ."

ಅವರು ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಮಗ್ಗದ ಮನೆಯ ಮಕ್ಕಳು ಸದ್ದಿನಲ್ಲಿ ಮಲಗುತ್ತವೆ, ಸದ್ದು ನಿಂತರೆ ಏಳುತ್ತವೆ. ತೊಟ್ಟಿಲಲ್ಲಿ ಮೊಮ್ಮಗು ಆಗಲೇ ಮಿಸುಕಾಡುತ್ತಿತ್ತು. ಮೇಷ್ಟ್ರು ಬಾಗಿಲಿಗೆ ಬಂದು, ತುಟಿಯ ಮೇಲೆ ಬೆರಳಿಟ್ಟು, "ಬಾರಪ್ಪಾ, ಮೆಲ್ಲಗೆ ಬಾ. ಮಗು ಎದ್ಬಿಡುತ್ತೆ" ಎಂದರು.

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಆ ದನಿಯನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ಎಲ್ಲರ ದನಿಯ ಹಾಗಿತ್ತು. ಮೆತ್ತಗೆ, ನನಗೆ ಕೇಳಿಸುವಷ್ಟು, ತೊಟ್ಟಿಲಿಗೆ ಕೇಳಿಸದಷ್ಟು.

"ಸಾರ್," ಎಂದೆ, "ನಿಮಗೆ ಮೆಲ್ಲಗೆ ಮಾತಾಡೋಕೆ ಬರುತ್ತಾ? ಹಾಗಾದ್ರೆ ಅವತ್ತು ಪ್ರಿನ್ಸಿಪಾಲರ ಕಿವೀಲಿ ಅಷ್ಟು ಜೋರಾಗಿ..."

ಅಷ್ಟರಲ್ಲಿ ಕರೆಂಟು ಬಂತು. ಹಿಂದಿನ ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು, ಮಗು ನೆಮ್ಮದಿಯಾಗಿ ಮಗ್ಗುಲಾಯಿತು. ಮೇಷ್ಟ್ರು ನನ್ನ ಮುಖ ನೋಡಿ ನಕ್ಕು, ಸದ್ದಿಲ್ಲದೆ ಬಾಯಿ ಆಡಿಸಿದರು. ಅವರೇ ಕಲಿಸಿದ ವಿದ್ಯೆ, ನನಗೆ ಒಂದು ಮಾತೂ ತಪ್ಪಲಿಲ್ಲ.

"ಬಾಗಿಲು ಹಾಕ್ಬಿಟ್ಟಿದ್ರಲ್ಲಪ್ಪಾ. ಆ ಹುಡುಗಿ ತಾಯಿಗೆ ನನ್ನ ಬಾಯಿ ಕಾಣ್ತಿರ್ಲಿಲ್ಲ."